ನಾಲ್ಕನೇ ಫಾರಂ

ಭಾನುವಾರ ಬೆಳಗ್ಗೆ ಲೇಖಕಿಯ ಮನೆಯಲ್ಲಿ ಭಾಷಣದ ಅಭ್ಯಾಸ ನಡೆದಿತ್ತು. ಅಭ್ಯಾಸವೇನು ಬಂತು, ಇಪ್ಪತ್ತೆರಡು ವರ್ಷ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತು. "ನನಗಾಗ ಹದಿನಾಲ್ಕು. ಮದುವೆಯ ದಿನ ಬೆಳಗಾಗುತ್ತಲೇ ಹಿತ್ತಲ ಬಾಗಿಲಿನಿಂದ ಹೊರಟುಬಿಟ್ಟೆ. ಮದುವೆ ನಿಂತಿತು." ಇಲ್ಲಿಗೆ ಬಂದಾಗ ಅವಳು ಗುಟುಕು ನೀರು ಕುಡಿಯುತ್ತಿದ್ದಳು, ಸಭೆಯವರು ಚಪ್ಪಾಳೆ ತಟ್ಟುವುದು ಇಲ್ಲೇ. ಎಳೆಯ ಹುಡುಗಿಯರ ಮದುವೆ ತಡೆಯಲು ಅವಳು ಹತ್ತದ ಕಚೇರಿಯ ಮೆಟ್ಟಿಲಿಲ್ಲ, ಕೇಳದ ಬೈಗುಳವಿಲ್ಲ. ಅವಳ ಮಾತು ಕೇಳಿ ಎಷ್ಟೋ ಹುಡುಗಿಯರು ಬೇಡವೆಂದು ಹೇಳುವ ಧೈರ್ಯ ಮಾಡಿದ್ದರು. ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ.

ಆ ದಿನ ಗ್ರಂಥಾಲಯದ ಸಭಾಂಗಣದಲ್ಲಿ ಬರಹಗಾರರೂ ಹೋರಾಟಗಾರರೂ ತಮ್ಮ ತಮ್ಮ ಬದುಕಿನ ಕಥೆ ಹೇಳಿಕೊಳ್ಳುವ ಕಾರ್ಯಕ್ರಮವಿತ್ತು. ಲೇಖಕಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ ತಂಗಿ ಬಂದಳು, ಹಿಂದೆಯೇ ತಂಗಿಯ ಮಗ. ತಂಗಿಗೆ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ. ಮುದ್ರಣವಾಗಿ ಬಂದ ಹಾಳೆಗಳನ್ನು ಮಡಚಿ, ಜೋಡಿಸಿ, ಹೊಲಿಯುವವಳು. ಅಲ್ಲಿ ಎಲ್ಲರಿಗೂ ಅವಳು ಸೂಜಿಯಮ್ಮ. ಮಗ ವ್ಯಾನ್ ಓಡಿಸುತ್ತಾನೆ.

"ಬಾರೆ, ಕೂತ್ಕೋ, ಟೀ ಇಡ್ತೀನಿ" ಎಂದಳು ಅಕ್ಕ.

"ಟೀ ಆಮೇಲೆ. ಮೊಮ್ಮಗಳನ್ನ ಕೊಡ್ತಾನಂತೆ ಇವನು. ಬರೋ ತಿಂಗಳು."

ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅಲ್ಲೇ ನಿಂತಿತು. "ಅವಳಿಗಿನ್ನೂ ಹನ್ನೆರಡು ಕಣೋ!"

"ಮಾತು ಕೊಟ್ಟಾಗಿದೆ ದೊಡ್ಡಮ್ಮ" ಎಂದ ಅವನು, ನಯವಾಗಿಯೇ. "ಒಳ್ಳೇ ಮನೆತನ. ಚಿಕ್ಕವಳಿದ್ದಾಗಲೇ ಹೋದ್ರೆ ಹೊಂದ್ಕೋತಾಳೆ. ನಾಲ್ಕು ವರ್ಷ ಬಿಟ್ರೆ ನಮ್ಮ ಮಾತನ್ನೇ ಕೇಳಲ್ಲ."

"ಕೇಳದೇ ಇರಲಿ ಅಂತಲೇ ನಾನು ಹೇಳೋದು. ಮೈ ಬಲಿತಿಲ್ಲ, ಮನಸ್ಸು ಬಲಿತಿಲ್ಲ. ಆ ಮಗು ಹೆರಿಗೆ ಹೇಗೆ ತಡೀತಾಳೆ? ಹೊಂದ್ಕೊಳ್ಳೋದು ಅಂತೀಯಲ್ಲ, ಬಾಯಿ ಮುಚ್ಕೊಂಡಿರೋದಕ್ಕೆ ನೀನಿಟ್ಟ ಹೆಸರು ಅದು. ಕಾನೂನು ಬೇರೆ ಇದೆ."

"ಅಮ್ಮನನ್ನೇ ನೋಡಿ. ಚಿಕ್ಕವಳಿದ್ದಾಗಲೇ ಆಯ್ತಲ್ಲ ಮದುವೆ? ಏನು ಕೆಟ್ಟದಾಯ್ತು? ಆಗಿದ್ರೆ ನಿಮ್ಮ ಪುಸ್ತಕದಲ್ಲಿ ಇರ್ತಿತ್ತು. ಇನ್ನೂರ ನಲವತ್ತು ಪುಟ, ಎರಡು ಸಲ ಓದಿದೀನಿ. ಕಂಡವರ ಮನೆ ಕಷ್ಟವೆಲ್ಲ ಬರೆದಿದೀರಿ. ಅಮ್ಮನ ಸುದ್ದಿ ಒಂದು ಸಾಲೂ ಇಲ್ಲ."

ಊರಿಗೆಲ್ಲ ಉತ್ತರ ಕೊಟ್ಟವಳು, ತಂಗಿಯ ಮಗನಿಗೆ ಬೆನ್ನು ತಿರುಗಿಸಿ ಮತ್ತೆ ಇಸ್ತ್ರಿ ಹಾಕತೊಡಗಿದಳು. ವ್ಯಾನನ್ನು ನೆರಳಿಗೆ ನಿಲ್ಲಿಸಿ ಬರುತ್ತೇನೆಂದು ಅವನು ಕೆಳಗಿಳಿದು ಹೋದ.

ಈಗ ಓದುಗರಿಗೆ ನಿಜ ಹೇಳಿಬಿಡಬೇಕು. ಅಂದು ಬೆಳಗ್ಗೆ ಅಕ್ಕ ಹಿತ್ತಲ ಬಾಗಿಲು ದಾಟುವಾಗ ತಂಗಿ ನಲ್ಲಿಯ ಬಳಿ ಪಾತ್ರೆ ತಿಕ್ಕುತ್ತಿದ್ದಳು. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ತಂಗಿ ತಲೆಯಾಡಿಸಿದಳು. ಆ ಮನೆಯಲ್ಲಿ ಶಾಲೆಗೆ ಒಬ್ಬಳು, ಒಲೆಗೆ ಒಬ್ಬಳು ಎಂದು ಮೊದಲೇ ಗೊತ್ತಾಗಿತ್ತು, ತಂಗಿ ಒಲೆಯವಳು. ಗಂಡಿನ ಕಡೆಯವರು ಬಂದಿಳಿದಾಗ ಅಪ್ಪ ತಲೆಮೇಲೆ ಕೈಹೊತ್ತು ಕೂತ. ತಾಯಿ ಮಾತ್ರ ಕೂರಲಿಲ್ಲ. "ಕೊಟ್ಟ ಮಾತು ಕೊಟ್ಟಿದ್ದೇ. ಇವಳಿಲ್ಲ ಅಂದ್ರೆ ಅವಳು" ಎಂದಳು. ಅಕ್ಕನ ಅಳತೆಗೆ ಹೊಲಿಸಿದ ಬಟ್ಟೆಯನ್ನು ತಂಗಿಯ ಮೈಮೇಲೆಯೇ ದಾರ ಎಳೆದು ಬಿಗಿ ಮಾಡಿದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಮದುವೆ ನಿಂತಿತಂತೆ!

ಆಮೇಲಿನದು ಬೇಗ ಹೇಳಿ ಮುಗಿಸುವ ಸಂಗತಿಯಲ್ಲ, ಆದರೂ ಹೇಳುತ್ತೇನೆ. ತಂಗಿ ಮೂವರನ್ನು ಹೆತ್ತು ಇಬ್ಬರನ್ನು ಮಣ್ಣು ಮಾಡಿದಳು. ಮೊದಲ ಹೆರಿಗೆಯಲ್ಲಿ ಆದ ಗಾಯ ಇವತ್ತಿಗೂ ಸರಿಹೋಗಿಲ್ಲ. ಕೆಲಸದ ಜಾಗವಿರಲಿ, ನೆಂಟರ ಮನೆಯಿರಲಿ, ಅವಳು ಬಾಗಿಲ ಪಕ್ಕವೇ ಕೂರುತ್ತಾಳೆ. ಗಳಿಗೆಗೊಮ್ಮೆ ಎದ್ದು ಬಚ್ಚಲಿಗೆ ಹೋಗಬೇಕು. ಗಾಳಿ ಬೇಕು ಅಮ್ಮನಿಗೆ ಎಂದು ಮಗ ತಿಳಿದುಕೊಂಡಿದ್ದಾನೆ.

ತಂಗಿ ಚೀಲದಿಂದ ಒಂದು ಮಡಿಕೆ ಹಾಳೆ ತೆಗೆದು ಇಸ್ತ್ರಿಯ ಮೇಜಿನ ಮೇಲಿಟ್ಟಳು. ಹದಿನಾರು ಪುಟ, ಅಂಚಿಗೆ ಅಂಚು ಕೂಡಿಸಿ ಮಡಚಿದ್ದು, ಮೊದಲ ಪುಟದ ಕೆಳಗೆ ನಾಲ್ಕು ಎಂಬ ಅಂಕಿ. ಅದನ್ನು ನೋಡಿ ಅಕ್ಕ ಕುರ್ಚಿ ಹಿಡಿದುಕೊಂಡಳು.

"ನಿನ್ನ ಪುಸ್ತಕದ ನಾಲ್ಕನೇ ಫಾರಂ. ಅಚ್ಚಾಗಿ ನಮ್ಮ ಅಂಗಡಿಗೆ ಹೊಲಿಯೋಕೆ ಬಂದಿತ್ತು. ನೀನೇ ಖುದ್ದಾಗಿ ಬಂದು, ಇದು ಬೇಡ, ಬೇರೆ ಅಚ್ಚು ಹಾಕಿಸ್ತೀನಿ ಅಂದೆ. ಅವತ್ತು ನನ್ನ ಮುಖ ನೋಡ್ಲಿಲ್ಲ ನೀನು. ಆಗಲೇ ಅಂದುಕೊಂಡೆ, ಇದರಲ್ಲಿ ನಾನಿದೀನಿ ಅಂತ. ರದ್ದಿಯಿಂದ ಒಂದನ್ನ ತೆಗೆದಿಟ್ಟೆ."

"ಯಾರ ಹತ್ರ ಓದಿಸಿದೆ?"

"ಯಾರ ಹತ್ರನೂ ಇಲ್ಲ. ನನಗೆ ಅಂಕಿ ಬರುತ್ತೆ, ಅಕ್ಷರ ಬರಲ್ಲ. ನನ್ನ ಕಥೇನ ಬೇರೆಯವರ ಬಾಯಲ್ಲಿ ಕೇಳೋಕೆ ಮನಸ್ಸಾಗ್ಲಿಲ್ಲ."

"ಅಮ್ಮನ ಮಾನ ಹೋಗತ್ತಲ್ಲ ಅಂತ ತೆಗೆಸಿದೆ ಕಣೆ" ಎಂದಳು ಲೇಖಕಿ. ಹೇಳಿದ ಮರುಗಳಿಗೆ ನಾಚಿಕೆಯಾಯಿತು. ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಅಮ್ಮ ತೀರಿಹೋಗಿ ಎರಡು ವರ್ಷವಾಗಿತ್ತು.

"ಇವತ್ತು ಇದನ್ನ ಓದು."

"ಇಷ್ಟು ವರ್ಷ ಮದುವೆ ನಿಂತಿತು ಅಂತಲೇ ಹೇಳ್ಕೊಂಡು ಬಂದಿದೀನಿ. ಈಗ ಸುಳ್ಳು ಅಂದ್ರೆ ನನ್ನನ್ನ ಯಾರು ನಂಬ್ತಾರೆ? ಮಾಡಿದ ಕೆಲಸವೆಲ್ಲ ನೀರುಪಾಲಾಗತ್ತೆ."

"ಅವನ ಕೈಗೇ ಇದನ್ನ ಕೊಡಬಹುದಿತ್ತು. ರದ್ದಿ ಕಾಗದ ಅಂತಾನೆ. ನೀನು ಎದ್ದು ನಿಂತು ಹೇಳಿದ್ದನ್ನೇ ಅಲ್ವಾ ಎಲ್ಲರೂ ನಂಬೋದು? ಅವತ್ತು ನೀನು ಹೇಳಿದ ಹಾಗೆ ನಾನು ಬಾಯಿ ಮುಚ್ಕೊಂಡೆ. ಇವತ್ತು ನಾನು ಹೇಳಿದ ಹಾಗೆ ನೀನು ಬಾಯಿ ಬಿಡು."

ಸಭಾಂಗಣ ತುಂಬಿತ್ತು. ಲೇಖಕಿಗಿಂತ ಮೊದಲು ಮಾತಾಡಿದ ಹೋರಾಟಗಾರ ಜೈಲಿನ ಕಥೆ ಹೇಳಿ ಜನರನ್ನು ನಗಿಸಿ ಕೂತಿದ್ದ. ತಂಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದಳು. ಮಗ ವ್ಯಾನಿನ ಕೀಲಿಕೈ ತಿರುಗಿಸುತ್ತ ಗೋಡೆಗೆ ಒರಗಿ ನಿಂತಿದ್ದ. ಲೇಖಕಿ ಎದ್ದಳು. ಅಭ್ಯಾಸಬಲ ನೋಡಿ, ನಾಲಿಗೆ ಹಳೆಯ ದಾರಿಯಲ್ಲೇ ಓಡಿತು.

"ಹಿತ್ತಲ ಬಾಗಿಲಿನಿಂದ ಹೊರಟುಬಿಟ್ಟೆ. ಮದುವೆ ನಿಂತಿತು."

ಚಪ್ಪಾಳೆ ಬಿತ್ತು. ತಂಗಿ ತಟ್ಟಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಅಕ್ಕನನ್ನೇ ನೋಡುತ್ತಿದ್ದಳು. ಈ ಇಪ್ಪತ್ತೆರಡು ವರ್ಷ ತಾನು ತೆಗೆದುಕೊಂಡ ಒಂದೊಂದು ಚಪ್ಪಾಳೆಯೂ ಆ ಮಡಿಲಿಂದ ಕದ್ದದ್ದು ಎಂದು ಲೇಖಕಿಗೆ ಅನಿಸಿತು. ಅವಳು ನೀರಿನ ಲೋಟ ಮುಟ್ಟಲಿಲ್ಲ. ಚೀಲದಿಂದ ನಾಲ್ಕನೇ ಫಾರಂ ತೆಗೆದಳು.

"ನಾನು ಈಗ ಹೇಳಿದ್ದು ಸುಳ್ಳು. ನಿಜವನ್ನ ಬರೆದಿದ್ದೆ, ಅಚ್ಚಾದ ಮೇಲೆ ಹೆದರಿ ತೆಗೆಸಿದೆ. ಅದನ್ನ ಓದ್ತೀನಿ." ಕನ್ನಡಕ ಸರಿಮಾಡಿಕೊಂಡು ಓದಿದಳು: "ಮದುವೆ ನಿಲ್ಲಲಿಲ್ಲ. ನನ್ನ ಜಾಗದಲ್ಲಿ ನನ್ನ ತಂಗಿಯನ್ನು ಕೂರಿಸಿದರು. ಅವಳಿಗಾಗ ಹದಿಮೂರು ವರ್ಷ."

"ಹನ್ನೆರಡು" ಎಂದಿತು ಬಾಗಿಲ ಪಕ್ಕದ ಧ್ವನಿ.

ಎಲ್ಲರೂ ತಿರುಗಿ ನೋಡಿದರು. ತಂಗಿ ಎದ್ದು ನಿಂತಿದ್ದಳು. "ಹದಿಮೂರು ತುಂಬಿದ್ದು ಆ ಮನೆಗೆ ಹೋದ ಮೇಲೆ, ಅಕ್ಕ. ಅವತ್ತು ಯಾರಿಗೂ ನೆನಪಿರಲಿಲ್ಲ."

ತಪ್ಪೊಪ್ಪಿಗೆಯಲ್ಲೂ ಒಂದು ವರ್ಷ ಹೆಚ್ಚಿಗೆ ಬರೆದಿದ್ದಳಲ್ಲ ಅಕ್ಕ! ಪೆನ್ನು ತೆಗೆದು ಹದಿಮೂರು ಹೊಡೆದುಹಾಕಿ ಹನ್ನೆರಡು ಎಂದು ಬರೆದಳು. ಆ ಸಾಲನ್ನು ಮತ್ತೆ ಮೊದಲಿಂದ ಓದಿದಳು. ಮಣ್ಣು ಮಾಡಿದ ಮಕ್ಕಳ ಮಾತು ಬಂತು. ಮಾಗದ ಗಾಯದ ಮಾತು ಬಂತು, ಬಾಗಿಲ ಪಕ್ಕದ ಕುರ್ಚಿಯ ಮಾತು ಬಂತು. ಕೀಲಿಕೈ ತಿರುಗುವುದು ನಿಂತಿತು. ಮಗ ತಾಯಿಯ ಕುರ್ಚಿಯನ್ನು ನೋಡಿದ, ಬಾಗಿಲನ್ನು ನೋಡಿದ. ಅವಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಅಮ್ಮ, ಆ ಮನೆಯವರಿಗೆ ಆಗಲ್ಲ ಅಂತ ನಾನೇ ಹೋಗಿ ಹೇಳ್ತೀನಿ."

"ಮಾತು ಕೊಟ್ಟಾಗಿದೆ ಅಂದ್ಯಲ್ಲ?"

"ವಾಪಸ್ ತಗೋತೀನಿ."

ಮೊದಲ ಪುಟ ಮುಗಿದಿತ್ತು. ವೇದಿಕೆಯ ಮೇಲೆ ಲೇಖಕಿಗೆ ಅಕ್ಷರ ಕಾಣದಾಯಿತು. ಕಾಗದ ಕೆಳಗಿಟ್ಟು, "ನನ್ನನ್ನ ಕ್ಷಮಿಸೇ" ಎಂದಳು, ಅಷ್ಟು ಜನರ ಮುಂದೆ.

"ಅದನ್ನ ಆಮೇಲೆ ನೋಡೋಣ" ಎಂದು ತಂಗಿ ಕುರ್ಚಿಯಲ್ಲಿ ಸರಿಯಾಗಿ ಕೂತಳು. "ಓದು. ಇನ್ನೂ ಹದಿನೈದು ಪುಟ ಇದೆ."