ನೆತ್ತಿಯ ತಗಡು

ಏಣಿಯ ಅರ್ಧ ಹತ್ತುವಷ್ಟರಲ್ಲಿ ಛಾವಣಿ ಎಡಕ್ಕೆ ಜಾರತೊಡಗಿತು. ಜಾರುತ್ತಿರುವುದು ಛಾವಣಿಯಲ್ಲ, ತನ್ನ ತಲೆ ಎಂದು ಮೇಸ್ತ್ರಿಗೆ ಗೊತ್ತಿತ್ತು. ಆದರೆ ಕೈಗಳಿಗೆ ಗೊತ್ತಾಗಬೇಕಲ್ಲ. ಅವು ಮೆಟ್ಟಿಲನ್ನು ತಬ್ಬಿ ಹಿಡಿದವು. ಎದುರಿನ ಗೋಡೆಯ ಬಿರುಕೊಂದನ್ನೇ ದಿಟ್ಟಿಸುತ್ತ, ಬಾಯಿಗೆ ಉಕ್ಕಿದ ಹುಳಿನೀರು ನುಂಗುತ್ತ, ಅವನು ಒಂದೊಂದೇ ಕಾಲು ತಡಕಾಡಿ ಕೆಳಗಿಳಿದ.

"ಏನಾಯ್ತು?" ಏಣಿಯ ಬುಡ ಹಿಡಿದಿದ್ದ ಹೆಂಡತಿ ಕೇಳಿದಳು.

"ಸೀಮೆಸುಣ್ಣ ಮರೆತೆ."

"ಜೇಬಲ್ಲೇ ಇದೆಯಲ್ಲ."

ಅವನು ಜೇಬು ಮುಟ್ಟಿ ನೋಡಿಕೊಂಡ. ಇತ್ತು.

"ಆಗ್ಲೇ ಡ್ರಿಲ್ಲಿನ ಮೊನೆ ಮರೆತೆ ಅಂತ ಇಳಿದ್ರಿ. ಅದೂ ಚೀಲದಲ್ಲೇ ಇತ್ತು," ಎಂದಳು ಅವಳು. "ಮುಂದಿನ ಸಲ ಏನು ಮರೀತೀರಿ ಅಂತ ಈಗ್ಲೇ ಹೇಳ್ಬಿಡಿ, ಹುಡುಕಿ ಇಟ್ಟಿರ್ತೀನಿ."

ಅದು ಬಡಗಿಯೊಬ್ಬನ ಹೊಸ ಕಾರ್ಖಾನೆ. ಎರಡೂ ಇಳಿಜಾರಿಗೆ ತಗಡು ಹೊದಿಸಿ ಮುಗಿದಿತ್ತು. ಉಳಿದದ್ದು ನೆತ್ತಿ. ಎರಡು ಕಡೆಯ ತಗಡು ಬಂದು ಎದುರಾಗುವಲ್ಲಿ ಉದ್ದಕ್ಕೂ ಅಂಗೈ ಅಗಲದ ಸಂದು. ಅದರ ಮೇಲೆ, ಓದುತ್ತಿದ್ದ ಪುಸ್ತಕವನ್ನು ಬೋರಲು ಹಾಕಿದ ಹಾಗೆ, ನಡುವೆ ಮಡಿಚಿದ ಉದ್ದನೆಯ ತಗಡುಗಳನ್ನು ಸಾಲಾಗಿ ಕೂರಿಸಿ ಸ್ಕ್ರೂ ಬಿಗಿಯಬೇಕು. ಅಷ್ಟಾಗದಿದ್ದರೆ ಮಿಕ್ಕಿದ್ದೆಲ್ಲ ಮಾಡಿಯೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಡಗಿಯೋ ಆತುರಗಾರ. ನೆತ್ತಿ ಮುಚ್ಚುವ ಮೊದಲೇ, ತನ್ನ ತಂದೆಯ ಕಾಲದಿಂದ ಒಣಗಿಸಿಟ್ಟಿದ್ದ ಮರವನ್ನೆಲ್ಲ ನಿನ್ನೆಯೇ ತಂದು ಒಳಗೆ ಜೋಡಿಸಿಬಿಟ್ಟಿದ್ದ. ಇವತ್ತು ಬೆಳಗಾಗುತ್ತಲೇ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಮೇಸ್ತ್ರಿಯ ಜೊತೆ ಯಾವಾಗಲೂ ಕೆಲಸಕ್ಕೆ ಬರುವ ಭಾವಮೈದ, ತನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತೆಂದು ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದ. ಕೆಳಗಿನಿಂದ ಸಾಮಾನು ಎತ್ತಿಕೊಡುವುದಕ್ಕಾದರೂ ಒಬ್ಬರು ಬೇಡವೇ ಎಂದು ಅವನ ಬದಲು ಅವನ ಅಕ್ಕ, ಮೇಸ್ತ್ರಿಯ ಹೆಂಡತಿಯೇ ಬಂದಿದ್ದಳು.

"ಸುಳ್ಳು ಹೇಳೋಕೂ ಬರಲ್ಲ ನಿಮಗೆ," ಎಂದಳು ಅವಳು, ದನಿ ತಗ್ಗಿಸಿ. "ಏನು ಅಂತ ಹೇಳಿ."

ಮೇಸ್ತ್ರಿ ಮರದ ದಿಮ್ಮಿಯೊಂದರ ಮೇಲೆ ಕೂತ. "ಎಡಗಿವಿ ಒಳಗೆ ಏನೋ ಕೆಟ್ಟಿದೆಯಂತೆ. ಅದರಿಂದ್ಲೇ ತಲೆ ಸುತ್ತೋದು."

"ಯಾರು ಅಂದ್ರು?"

"ಡಾಕ್ಟ್ರು. ಹೋದ ತಿಂಗಳು ಹೋಗಿದ್ದೆ."

"ಹೋದ ತಿಂಗಳು," ಎಂದು ಅವಳು ಆ ಮಾತನ್ನೇ ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡಳು. "ಹಾಗಾದ್ರೆ ಇಷ್ಟು ದಿನ?"

"ನಿನ್ನ ತಮ್ಮ ಹತ್ತುತ್ತಿದ್ದ. ನಾನು ಕೆಳಗೆ ನಿಂತು ಬಾಯಲ್ಲೇ ಛಾವಣಿ ಹೊದಿಸ್ತಿದ್ದೆ."

"ಅವನಿಗೆ ಗೊತ್ತಾ?"

"ಮಂಡಿ ನೋವು ಅಂದಿದ್ದೆ."

"ನನಗೆ ಅದನ್ನೂ ಹೇಳಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. "ವಾಸಿಯಾಗುತ್ತಂತಾ?"

"ಆಗಬಹುದು, ಆಗದೇನೂ ಇರಬಹುದು. ನೆಲದ ಮೇಲೆ ಮಾಡೋ ಕೆಲಸ ಏನಾದ್ರೂ ನೋಡ್ಕೊಳ್ಳಿ ಅಂದ್ರು."

ನೆಲದ ಮೇಲೆ ಮಾಡುವ ಕೆಲಸ. ಜೊತೆಯ ಕೆಲಸಗಾರರೆಲ್ಲ ಅವನನ್ನು ಬೆಕ್ಕು ಎಂದೇ ಕರೆಯುತ್ತಿದ್ದರು. ಮಗಳ ಮದುವೆಯಲ್ಲಿ ಬೀಗರ ಮುಂದೆಯೂ ಹಾಗೇ ಕರೆದು ನಗೆಪಾಟಲು ಮಾಡಿದ್ದರು. ನೆಲದ ಮೇಲೆ ಅವನು ಮಾತಿಗೆ ತಡವರಿಸುವ, ಚಪ್ಪಲಿ ಎಲ್ಲಿಟ್ಟೆನೆಂದು ಹುಡುಕುವ, ನೆಂಟರ ಮನೆಯಲ್ಲಿ ಕುರ್ಚಿಯ ಅಂಚಿಗೆ ಕೂರುವ ಮನುಷ್ಯ. ನೆತ್ತಿ ಏರಿದರೆ ಮಾತ್ರ ಮೈಯೆಲ್ಲ ತನ್ನದಾಗುತ್ತಿತ್ತು. ಅಲ್ಲಿ ಗಾಳಿ ಬೇರೆ. ಕೆಳಗಿನ ಜಗಳ, ಹಾರ್ನು, ನಾಯಿ, ಎಲ್ಲ ಮೇಲೆ ತಲುಪುವಷ್ಟರಲ್ಲಿ ಮೆತ್ತಗಾಗಿರುತ್ತಿದ್ದವು. ಮಧ್ಯಾಹ್ನ ಬುತ್ತಿಯನ್ನು ಅಲ್ಲೇ ಬಿಚ್ಚಿಕೊಂಡು, ಒಂದು ಕಾಲು ಈಚೆ ಒಂದು ಕಾಲು ಆಚೆ ಇಳಿಬಿಟ್ಟು ಉಣ್ಣುವಾಗ, ಊರಿಗೆ ಊರೇ ತನ್ನ ಎಲೆಯ ಪಕ್ಕದಲ್ಲಿ ಬಡಿಸಿಟ್ಟಂತೆ ಕಾಣುತ್ತಿತ್ತು. ಈಗ ಬೀದಿಯಲ್ಲಿ ಹೋಗುವಾಗ ಅವನು ತಲೆ ಎತ್ತುವುದನ್ನೇ ಬಿಟ್ಟಿದ್ದ. ಎತ್ತಿದರೆ ಸುತ್ತುತ್ತಿತ್ತು ಎನ್ನುವುದು ಒಂದು. ಕಂಡ ಛಾವಣಿಗಳಲ್ಲಿ ಅರ್ಧ ಅವನದೇ ಕೈಯವು ಎನ್ನುವುದು ಇನ್ನೊಂದು.

ಅಷ್ಟರಲ್ಲಿ ಬಡಗಿ ಒಳಗಿನಿಂದ ಬಂದ. "ಏನ್ ಮೇಸ್ತ್ರಿ, ಏಣಿ ಜೊತೆ ಸಂಬಂಧ ಕುದುರಿಸ್ತಿದ್ದೀರಾ? ಹತ್ತಿರ ಹೋಗೋದು, ವಾಪಸ್ಸು ಬರೋದು. ಮೋಡ ನೋಡಿದ್ರಾ?"

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹೆಂಡತಿ, "ಇವರಿಗೆ ಮೈ ಹುಷಾರಿಲ್ಲ. ನಾನು ಹತ್ತುತ್ತೀನಿ," ಎಂದಳು.

ಬಡಗಿ ಅವಳನ್ನು ನೋಡಿದ, ಛಾವಣಿಯನ್ನು ನೋಡಿದ. "ತಾಯಿ, ನೀವಾ? ಬಿದ್ದುಗಿದ್ದೀರಿ."

"ಬಿದ್ರೂ ನಿಮ್ಮ ಮರದ ಮೇಲೆ ಬೀಳಲ್ಲ, ಯೋಚನೆ ಮಾಡಬೇಡಿ."

ಮೇಸ್ತ್ರಿ ಅವಳನ್ನು ಮೊತ್ತಮೊದಲು ನೋಡಿದ್ದೇ ಒಂದು ನೆತ್ತಿಯ ಮೇಲೆ. ಕೆಲಸ ಕೇಳಿಕೊಂಡು ಅವಳ ತಂದೆಯ ಹತ್ತಿರ ಹೋಗಿದ್ದ. ಮಾವ ಆಗಿನ್ನೂ ಮಾವನಾಗಿರಲಿಲ್ಲ, ಒಡೆಯರಾಗಿದ್ದರು. "ಮೇಲಿದಾಳೆ ನೋಡು, ಅವಳಿಗೆ ಮೊಳೆ ಕೊಟ್ಟು ಬಾ," ಎಂದಿದ್ದರು. ತಲೆ ಎತ್ತಿದರೆ, ಕುದುರೆಯ ಮೇಲೆ ಕೂತ ಹಾಗೆ ಕೂತ ಒಂದು ಹುಡುಗಿ. ತುಟಿಗಳ ನಡುವೆ ಮೊಳೆಗಳು. ಬಾಯಿ ತುಂಬಿದ್ದರಿಂದ ಮಾತಾಡದೆ ಹುಬ್ಬಿನಲ್ಲೇ ಇಲ್ಲಿಡು ಎಂದು ತೋರಿಸಿದ್ದಳು. ಮದುವೆಯಾದ ಮೇಲೆ ಅವಳು ಏಣಿ ಮುಟ್ಟಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಮಕ್ಕಳಾದವು, ಅತ್ತೆ ಹಾಸಿಗೆ ಹಿಡಿದರು, ಒಲೆ ಉರಿಯಿತು, ಆರಿತು, ವರ್ಷಗಳು ಹೋದವು. ಅವಳಿಗೆ ಅದರ ಆಸೆ ಇನ್ನೂ ಇದೆಯೋ ಇಲ್ಲವೋ ಎಂದು ಅವನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ.

ಅವಳು ಚೀಲದಿಂದ ಅವನ ಹಳೆಯ ಪ್ಯಾಂಟು ತೆಗೆದುಕೊಂಡು ಮರದ ರಾಶಿಯ ಹಿಂದೆ ಹೋದಳು. ಬಂದಾಗ ಪ್ಯಾಂಟಿನ ಅಂಚನ್ನು ಮೊಳಕಾಲವರೆಗೆ ಮಡಿಚಿದ್ದಳು, ಸೊಂಟಕ್ಕೆ ದಾರ ಬಿಗಿದಿದ್ದಳು, ಕಾಲು ಬರಿಗಾಲು.

"ನಗಬೇಡಿ," ಎಂದಳು.

"ನಕ್ಕಿಲ್ಲ."

ಅವನು ಅವಳ ಸೊಂಟಕ್ಕೆ ಹಗ್ಗ ಸುತ್ತಿ ಗಂಟು ಹಾಕಿದ. ಬಿಚ್ಚಿ ಮತ್ತೆ ಹಾಕಿದ. ಜಗ್ಗಿ ನೋಡಿದ. ಇನ್ನೊಂದು ತುದಿಯನ್ನು ಛಾವಣಿಯ ಆಚೆಗೆ ಎಸೆದು, ಸುತ್ತಿಕೊಂಡು ಹೋಗಿ ಆ ಬದಿಯ ಕಬ್ಬಿಣದ ಕಂಬಕ್ಕೆ ಕಟ್ಟಿದ. ತಿರುಗಿ ಬರುವಷ್ಟರಲ್ಲಿ ಅವಳು ಗೋಡೆಯ ಏಣಿ ದಾಟಿ, ಇಳಿಜಾರಿನ ಮೇಲೆ ಕೊಕ್ಕೆ ಹಾಕಿ ಮಲಗಿಸಿದ್ದ ಎರಡನೇ ಏಣಿ ಹಿಡಿದಾಗಿತ್ತು. ಮೊದಲಿನ ಹಾಗೆ ಹತ್ತಲಿಲ್ಲ. ನಡುನಡುವೆ ನಿಂತು ಉಸಿರು ತೆಗೆದುಕೊಂಡಳು. ಮಂಡಿಯೊಂದು ಕಟಕ್ಕೆಂದದ್ದು ಕೆಳಗೂ ಕೇಳಿಸಿತು.

"ನಿಜವಾದ ಮಂಡಿ ನೋವು ನನಗಿದೆ ಕಣ್ರೀ," ಎಂದಳು ಮೇಲಿನಿಂದ.

ಮೊದಲ ತಗಡನ್ನು ಅವನು ಇನ್ನೊಂದು ಹಗ್ಗಕ್ಕೆ ಕಟ್ಟಿಕೊಟ್ಟ, ಅವಳು ಎಳೆದುಕೊಂಡಳು. "ಗಾಳಿಗೆ ಬೆನ್ನು ಕೊಟ್ಟ ತುದಿಯಿಂದ ಶುರು ಮಾಡು," ಎಂದು ಅವನು ಕೂಗಿದ. "ಆಮೇಲಿನದು ಅದರ ಮೇಲೆ ಗೇಣುದ್ದ ಹತ್ತಬೇಕು."

"ಅಪ್ಪ ಹೇಳಿದ್ದು ಮರೆತಿಲ್ಲ."

ಆದರೆ ಅಪ್ಪನ ಕಾಲದಲ್ಲಿ ಮೊಳೆಯಿತ್ತು, ಸುತ್ತಿಗೆಯಿತ್ತು. ಈಗ ಡ್ರಿಲ್ಲು, ರಬ್ಬರ್ ವಾಷರಿನ ಸ್ಕ್ರೂ. ಮೊದಲನೆಯದನ್ನು ಅವಳು ಬಿಗಿದೂ ಬಿಗಿದೂ ರಬ್ಬರು ಸೀಳಿಹೋಯಿತು. ಎರಡನೆಯದು ಓರೆಯಾಯಿತು. ಮೇಸ್ತ್ರಿ ಕೆಳಗೆ ನಿಂತು ತುಟಿ ಕಚ್ಚಿಕೊಂಡ. ತಲೆ ಎತ್ತಿ ನೋಡುವ ಹಾಗಿಲ್ಲ. ನೆಲ ನೋಡುತ್ತ, ಸರಿಯಿದ್ದ ಬಲಗಿವಿಯನ್ನು ಮೇಲಕ್ಕೆ ಕೊಟ್ಟು ನಿಂತ. ಡ್ರಿಲ್ಲು ಗುಂಯ್ಗುಟ್ಟಿತು. ಖಾಲಿ ಸದ್ದು.

"ಅದು ಕೆಳಗಿನ ಕಬ್ಬಿಣ ಹಿಡಿದಿಲ್ಲ. ತೆಗೆದು ಎರಡು ಬೆರಳು ಕೆಳಗೆ ಹಾಕು. ಉಬ್ಬಿನ ಮೇಲೇ ಹಾಕು, ತಗ್ಗಲ್ಲಿ ಬೇಡ, ನೀರು ನಿಲ್ಲುತ್ತೆ."

ಮತ್ತೆ ಗುಂಯ್. ಈ ಸಲ ಸದ್ದು ನಡುವೆ ಗಂಟಲು ಬಿಗಿಯಿತು, ಒಂದು ಗಳಿಗೆ ನರಳಿತು, ಕಚ್ಚಿಕೊಂಡಿತು.

"ಹ್ಞಾ. ಬಿಡು, ಸಾಕು. ರಬ್ಬರು ತುಸು ಉಬ್ಬಿದ್ರೆ ಸಾಕು."

"ಕಾಣ್ತಾ ನಿಮಗೆ?"

"ಕೇಳ್ಸುತ್ತೆ."

ಹಾಗೆ ಕೆಲಸ ಸಾಗಿತು. ಅವನು ಕಿವಿಯಲ್ಲಿ, ಅವಳು ಕೈಯಲ್ಲಿ. ಎರಡು ತಗಡು ಕೂರುವಷ್ಟರಲ್ಲಿ ಅವನು ಹೇಳುವುದು ಕಡಿಮೆಯಾಯಿತು, ನಾಲ್ಕನೆಯದಕ್ಕೆ ಹೇಳಲು ಏನೂ ಉಳಿಯಲಿಲ್ಲ. ಸ್ಕ್ರೂಗಳು ಒಂದರ ಹಿಂದೊಂದು ಸರಿಯಾಗಿ ಕಚ್ಚುತ್ತಿದ್ದವು. ಅದಕ್ಕೆ ಅವನಿಗೆ ಸಂತೋಷವಾಯಿತು. ಸಂತೋಷದ ಅಡಿಯಲ್ಲೇ, ಪಾತ್ರೆಯ ತಳದಲ್ಲಿ ಸೀದ ಹಾಗೆ, ಬೇರೆ ಏನೋ ಇತ್ತು.

ಐದನೆಯ ತಗಡು ಮೇಲೆ ತಲುಪಿದಾಗ ಗಾಳಿ ಎದ್ದಿತು. ಬಿಗಿಯದ ತಗಡು ಗಾಳಿ ತಿಂದು ಒಂದು ಬದಿ ಮೇಲೆದ್ದ ಸದ್ದು, ಆಮೇಲೆ ಧಡಕ್ಕನೆ ಬೇರೊಂದು ಸದ್ದು. ಮೇಸ್ತ್ರಿ ಏನನ್ನೂ ಯೋಚಿಸದೆ ಏಣಿ ಹತ್ತತೊಡಗಿದ. ಕೆಲವು ಮೆಟ್ಟಿಲು ಹೋಗುವಷ್ಟರಲ್ಲಿ ಗೋಡೆ, ಮೋಡ, ಮರದ ಹಲಗೆಗಳು ಎಲ್ಲ ಒಂದೇ ಚಕ್ರಕ್ಕೆ ಕಟ್ಟಿದಂತೆ ತಿರುಗಿದವು.

"ಕೆಳಗೇ ನಿಲ್ಲಿ," ಎಂದು ಅವಳು ಕೂಗಿದಳು. "ನಿಮ್ಮನ್ನ ಹಿಡಿಯೋಕೆ ನನಗೆ ಮೂರನೇ ಕೈ ಇಲ್ಲ."

"ಏನಾಯ್ತು ಹೇಳು."

"ಏನಿಲ್ಲ. ತಗಡಿನ ಮೇಲೆ ಮಲಗಿದೀನಿ. ಗಾಳಿ ಹೋಗಲಿ."

ಅವನು ಏಣಿಗೆ ಹಣೆಯೂರಿ ನಿಂತ. ಗಾಳಿ ತಗ್ಗಿ ಮತ್ತೆ ಡ್ರಿಲ್ಲಿನ ಸದ್ದು ಕೇಳಿದಾಗ ಅವನು ಇಳಿದು, ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬಡಗಿ ನೀರಿನ ಚೊಂಬು ತಂದುಕೊಟ್ಟು ಒಳಗೆ ಹೋದ.

ಫೋನು ಬಂದದ್ದು ಆಗಲೇ. ಭಾವಮೈದ ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಾಗಲಿಲ್ಲ.

"ಹೆಣ್ಣು ಮಗುವಂತೆ," ಎಂದು ಮೇಸ್ತ್ರಿ ಮೇಲಕ್ಕೆ ಕೂಗಿದ.

"ತಾಯಿ, ಮಗು?"

"ಇಬ್ಬರೂ ಚೆನ್ನಾಗಿದಾರಂತೆ. ನಾಳೆನೇ ಕೆಲಸಕ್ಕೆ ಬರ್ತೀನಿ ಅಂತಿದಾನೆ."

"ಬೇಡ ಅನ್ನಿ. ಮಗು ಎತ್ಕೊಂಡು ಮನೇಲಿ ಕೂರಲಿ ಸ್ವಲ್ಪ ದಿನ. ನಾನಿದೀನಲ್ಲ."

ಮೇಸ್ತ್ರಿ ಅದನ್ನು ಫೋನಿಗೆ ಹೇಳಿದ. ಹೇಳುವಾಗ "ಅವಳಿದಾಳಲ್ಲ" ಎಂಬ ಮಾತು ಬಾಯಿಂದ ತಾನಾಗಿಯೇ ಬಂತು, ಎಷ್ಟೋ ವರ್ಷದಿಂದ ಹೇಳಿ ರೂಢಿಯಾದ ಮಾತಿನ ಹಾಗೆ.

ಕೊನೆಯ ತಗಡು ಕೂರುವಷ್ಟರಲ್ಲಿ ಬೆಳಕು ಕಡಿಮೆಯಾಗಿತ್ತು. ಕಾರ್ಖಾನೆಯ ಒಳಗೆ, ನೆತ್ತಿಯ ಸಂದಿನಿಂದ ಮರದ ರಾಶಿಯ ಮೇಲೆ ಬೀಳುತ್ತಿದ್ದ ಬೆಳಕಿನ ಗೆರೆ ತುಂಡುತುಂಡಾಗಿ ಮಾಯವಾಗಿ ಈಗ ಪೂರ್ತಿ ಅಳಿಸಿಹೋಯಿತು. ಮೇಲೆ ಡ್ರಿಲ್ಲು ನಿಂತಿತು.

"ಮುಗೀತು," ಎಂದಳು ಅವಳು.

"ಇಳಿ ಹಾಗಾದ್ರೆ. ತಗಡು ನೆಂದರೆ ಕಾಲು ನಿಲ್ಲಲ್ಲ."

ಅವನು ಹಿಂದೆ ಸರಿದು, ಒಂದು ಕೈಯಲ್ಲಿ ಕಂಬ ಹಿಡಿದು, ಮೆಲ್ಲಗೆ ತಲೆ ಎತ್ತಿದ. ಅವಳು ಒಂದು ಕಾಲು ಈಚೆ ಒಂದು ಕಾಲು ಆಚೆ ಹಾಕಿ ಕೂತಿದ್ದಳು. ಡ್ರಿಲ್ಲು ತೊಡೆಯ ಮೇಲಿತ್ತು. ಕಟ್ಟಿದ್ದ ಕೂದಲು ಬಿಚ್ಚಿಹೋಗಿ ಗಾಳಿಗೆ ಹಾರುತ್ತಿತ್ತು, ಅವಳು ಅದನ್ನು ಹಿಡಿಯಲು ಹೋಗಿರಲಿಲ್ಲ. ಮುಖ ಅವನ ಕಡೆಗಿರಲಿಲ್ಲ. ಅವನಿಗೆ ಅಷ್ಟೇ ನೋಡಲು ಸಾಧ್ಯವಾದದ್ದು. ಮೋಡ ವಾಲತೊಡಗಿದಾಗ ಕಣ್ಣು ಕೆಳಗಿಳಿಸಿದ. ಮತ್ತೊಮ್ಮೆ ಇಳಿ ಎನ್ನಲು ಬಾಯಿ ಬರಲಿಲ್ಲ.

"ಮಳೆ ಬರ್ತಾ ಇದೆ," ಎಂದಳು ಅವಳು. "ಇಲ್ಲಿಂದ ಕಾಣ್ತಾ ಇದೆ."

"ಎಲ್ಲಿದೆ?"

"ಸೇತುವೆಯಾಚೆ."

ಅವನು ಏಣಿಯ ಹತ್ತಿರ ಬಂದು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಕಣ್ಣು ಮುಚ್ಚಿದ. "ಈಗ?"

"ಈಗ ಸೇತುವೆ ಕಾಣ್ತಿಲ್ಲ. ಗಿರಣಿ ಚಿಮಣಿ ಅರ್ಧ ಇದೆ, ಅರ್ಧ ಇಲ್ಲ. ಶಾಲೆ ಮೈದಾನದಿಂದ ಮಕ್ಕಳೆಲ್ಲ ಓಡ್ತಿದಾರೆ. ಒಬ್ಬಳು ಮಾತ್ರ ನಿಂತೇ ಇದಾಳೆ."

"ಆಮೇಲೆ?"

"ಒಂದು ಮಹಡಿ ಮೇಲೆ ಯಾರೋ ಬಟ್ಟೆ ಎಳ್ಕೊಳ್ತಿದಾರೆ. ಅಯ್ಯೋ, ಒಂದು ಹಾರಿಹೋಯ್ತು."

"ಯಾವ ಬಣ್ಣದ್ದು?"

"ಹಳದಿ. ಪಕ್ಕದ ಮನೆ ಛಾವಣಿ ಮೇಲೆ ಬಿತ್ತು. ಇಲ್ಲ, ಮತ್ತೆ ಎದ್ದಿತು, ಹೋಗ್ತಾ ಇದೆ."

ಅವನು ಕಣ್ಣು ತೆರೆಯಲಿಲ್ಲ. "ಮಳೆ ಎಲ್ಲಿಗೆ ಬಂತು ಈಗ?"

ತಗಡಿನ ಆ ತುದಿಯಲ್ಲಿ ಟಪ್ಪೆಂದು ಒಂದು ಹನಿ ಬಿತ್ತು. ತುಸು ಈಚೆಗೆ ಇನ್ನೊಂದು. ಇಳಿಜಾರಿನ ಏಣಿ ಕಿರುಗುಟ್ಟಿತು. ಅವನು ಒಂದು ಕೈ ಬಿಡಿಸಿ, ನೋಡದೆಯೇ, ನಿಲುಕುವಷ್ಟು ಮೇಲಕ್ಕೆ ಚಾಚಿ ಹಿಡಿದ. ಇಳಿಯುತ್ತ ಬಂದ ಅವಳ ಬರಿಗಾಲಿನ ಹಿಮ್ಮಡಿ ಅಂಗೈಗೆ ತಾಗಿತು. ಅವನು ಅದನ್ನು ಮೆಲ್ಲಗೆ ಹಿಡಿದು ಮುಂದಿನ ಮೆಟ್ಟಿಲ ಮೇಲೆ ಇಟ್ಟ.