ಮೊಸರಿನ ಬಣ್ಣ

"ಬಾಯಾಗ ಹೋದ್ರೂ ಏನೂ ಆಗೂದಿಲ್ರೀ ಮಾವಾರ. ಎಲ್ಲಾ ತಿನ್ನೂವ ಅದಾವ," ಎಂದ ಗುರುಸಿದ್ದ.

ಅನಂತರಾಮು ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿದರು. ಬೀಟ್ರೂಟ್ ರಸ, ಪಾಲಕ್ ರಸ, ಅರಿಶಿನ. ಮಗುವಿನ ಬಣ್ಣದಾಟಕ್ಕೆಂದು ಮೂರನ್ನೂ ಗಟ್ಟಿ ಮೊಸರಿಗೆ ಕಲಸಿಟ್ಟಿದ್ದ.

ಉತ್ತರಹಳ್ಳಿಯ ಈ ಒಂದು ಕೋಣೆಯ ಬಾಡಿಗೆ ಮನೆಗೆ ಅವನ ಮಗಳು ಬರುವುದು ತಿಂಗಳಿಗೆ ಎರಡು ಭಾನುವಾರ, ಎರಡು ಗಂಟೆ ಹೊತ್ತು, ತಾತನ ಜೊತೆಯಲ್ಲಿ. ಕೋರ್ಟು ಹಾಗೆ ಹೇಳಿತ್ತು. ಹಿಂದಿನ ಸಲ ಹನ್ನೊಂದು ತಿಂಗಳ ಇಂಚರ ಅಪ್ಪನ ಮುಖ ಕಂಡು ಎರಡು ಗಂಟೆಯೂ ಅತ್ತಿದ್ದಳು. ಇನ್ನೊಂದು ಸಲ ಹೀಗಾದರೆ ವಕೀಲರಿಗೆ ಹೇಳುತ್ತೇನೆಂದು, ಬೇರೆಯಾಗಿದ್ದ ಹೆಂಡತಿ ಮೇಘಶ್ರೀ ಮೆಸೇಜು ಹಾಕಿದ್ದಳು. ಅಂದಿನಿಂದ ಗುರುಸಿದ್ದ ಆಫೀಸಿನಲ್ಲಿ ಊಟದ ಹೊತ್ತಿಗೆ ಮಕ್ಕಳನ್ನು ಆಡಿಸುವ ವಿಡಿಯೊಗಳನ್ನೇ ನೋಡುತ್ತಿದ್ದ.

ಹಳೆಯ ಬೆಡ್‌ಶೀಟ್ ಹಾಸಿ, ಮೇಲೆ ಬಿಳಿ ಕಾಗದ ಅಂಟಿಸಿ ಮಗುವನ್ನು ಕೂರಿಸಿದ. ಇಂಚರ ತುಟಿ ಸೊಟ್ಟ ಮಾಡಿದಳು. ಅವನು ಬೆರಳು ಅದ್ದಿ ತನ್ನ ಮೂಗಿಗೇ ಬೀಟ್ರೂಟ್ ಬಳಿದುಕೊಂಡ. ಅಳು ಅಲ್ಲೇ ನಿಂತಿತು. ಮಗು ಬಟ್ಟಲಿಗೆ ಕೈ ಹಾಕಿ, ಕಾಗದಕ್ಕೆ ಬಡಿದು, ಬೆರಳು ಚೀಪಿ, ಮತ್ತೆ ಬಡಿದು ಕೇಕೆ ಹಾಕಿತು. ಕೊನೆಗೆ ತಾನಾಗಿಯೇ ಅಂಬೆಗಾಲಿಟ್ಟು ಬಂದು ಅವನ ತೊಡೆ ಹತ್ತಿತು. ಅವನು ಉಸಿರು ಬಿಡಲೂ ಹೆದರಿ ಕೂತ.

ಅನಂತರಾಮು ಮಗಳಿಗೆ ವಿಡಿಯೊ ಕಾಲ್ ಮಾಡಿದರು. "ನೋಡಮ್ಮ, ಅಳ್ತಾ ಇಲ್ಲ."

ಮೇಘಶ್ರೀ ಬಹಳ ಹೊತ್ತು ನೋಡಿದಳು. "ಇಷ್ಟೆಲ್ಲ ಬರ್ತಿತ್ತಾ ನಿನಗೆ? ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು ರಾತ್ರಿಯೆಲ್ಲಾ ನಾನೇ ಎತ್ಕೊಂಡು ಓಡಾಡ್ತಿದ್ದೆ. ಒಂದೇ ಒಂದು ಸಲ ಎದ್ದಿದ್ರೆ ಸಾಕಿತ್ತು, ಗುರು."

ಅವನು ಮಗುವಿನ ಗಲ್ಲಕ್ಕಂಟಿದ ಮೊಸರನ್ನು ಒರೆಸಿದ.

"ಅಪ್ಪ, ಟೈಮಾಯ್ತು. ತೊಳ್ದು ಕರ್ಕೊಂಡ್ಬನ್ನಿ," ಎಂದು ಅವಳು ಫೋನಿಟ್ಟಳು.

ಟಬ್ಬಿನ ಬೆಚ್ಚನೆ ನೀರಿನಲ್ಲಿ ಅವನೇ ಮೈ ತೊಳೆದ. ತಾತ ಎತ್ತಿಕೊಳ್ಳಲು ಬಂದಾಗ ಮಗು ಅವನ ಅಂಗಿ ಹಿಡಿದು ಕಿರುಚಿ ಅತ್ತಿತು.

"ಇದಕ್ಕೂ ಅತ್ತಳು ಅಂತನ ಹೇಳ್ತೀರೇನ್ರಿ ಮಾವಾರ?"

ಅನಂತರಾಮು ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಕೆಳಗಿಳಿದರು. ಆಟೊ ಹೊರಟಿತು.

ಟಬ್ಬಿನ ನೀರನ್ನು ಮೋರಿಗೆ ಚೆಲ್ಲಲು ಅವನು ಕೆಳಗೆ ಬಂದಾಗ ಮನೆಯೊಡತಿ ಸಪ್ಪಲಮ್ಮ ಗೇಟಿನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಮುದ್ದಾಗೈತಪ್ಪ ಮಗು. ಯಾರ್ದು?"

"ನೆಂಟರದ್ರೀ," ಎಂದು ಅವನು ಟಬ್ಬು ಬಗ್ಗಿಸಿದ.

ಸಪ್ಪಲಮ್ಮ ಮೊರವನ್ನು ಮಡಿಲಿಗೆ ಎಳೆದುಕೊಂಡು, ನೀರು ಹರಿದು ಹೋಗಲೆಂದು ಕಾಲು ಮೇಲೆತ್ತಿದಳು.