ಮೊದಲ ಕಲ್ಲಿಗೆ ಮುಂಚೆ

ಕೆಳಗೆ ಅಂಗಳದಲ್ಲಿ ಸರಸ್ವತಿಬಾಯಿ ಹೊಸ ಯಂತ್ರದ ತೋಳಿಗೆ ಸೇವಂತಿಗೆ ಸರ ಸುತ್ತುತ್ತಿರುವಾಗಲೇ, ಮಾಳಿಗೆಯ ಕೋಣೆಯಲ್ಲಿ, ಅದನ್ನು ರೂಪಿಸಿದ ಎಂಜಿನಿಯರ್ ಪ್ರಮಿತಾಳ ಕಂಪ್ಯೂಟರ್ ಪರದೆಯ ಮೇಲೆ ಅದೇ ತೋಳು ಮುರಿದುಬಿತ್ತು.

ಅವಳು ಮತ್ತೊಮ್ಮೆ ನಡೆಸಿ ನೋಡಿದಳು. ಮಲಗಿದ ಪರಸಿ ಕಲ್ಲಿನ ಚಪ್ಪಡಿಯನ್ನು ಎಬ್ಬಿಸಿದ ತೋಳು ತಡೆಗೆ ತಾಗಿ ನಿಲ್ಲಬೇಕಿತ್ತು. ತಡೆಯ ಬೋಲ್ಟುಗಳು ಹರಿದು, ಕಲ್ಲು ಆಚೆ ಬಿತ್ತು. ಆಚೆ ಎಂದರೆ ಕಲ್ಲು ಹಿಡಿಯುವ ಆಳು ಕಾಶಪ್ಪ ನಿಲ್ಲುವ ಜಾಗ.

ಹೋದ ವಾರ ಹೀಗಾಗಿರಲಿಲ್ಲ. ತಾನು ಬರೆದ ಚಿತ್ರದಿಂದ ಕಲ್ಲನ್ನು ಪರೀಕ್ಷೆಯ ತಂತ್ರಾಂಶಕ್ಕೆ ದಾಟಿಸುವಾಗ ಆಕಾರ ಹೋಗಿತ್ತು. ತೂಕವನ್ನು ಅವಳೇ ತುಂಬಿದ್ದಳು. ಆ ತೂಕ ಕಲ್ಲಿನ ಉದ್ದಗಲಕ್ಕೆ ಹೇಗೆ ಹರಡಿದೆ ಎಂಬ ಲೆಕ್ಕ ಮಾತ್ರ ಈಚೆಯೇ ಉಳಿದಿತ್ತು. ಇಡೀ ಪರಸಿ ಒಂದು ಉಂಡೆಯಾಗಿ ನಡುವೆ ಕೂತಿದೆಯೆಂದು ನಂಬಿ ತೋಳು ಹಗುರಾಗಿ ತಿರುಗಿ ನಿಂತಿತ್ತು. ಇವತ್ತು ಆ ಲೆಕ್ಕ ಸೇರಿಸಿದ ಮೇಲೆಯೇ ಅದು ಮುರಿದದ್ದು. ಅಜ್ಜಿಯ ಕಥೆಯ ರಾಕ್ಷಸ ಹೀಗೆಯೇ ಕಾಗಿಣಾ ಹೊಳೆ ದಾಟುತ್ತಿದ್ದ, ತನ್ನ ಭಾರವನ್ನು ದಂಡೆಯ ಜಾಲಿಗೆ ನೇತುಹಾಕಿ, ದೋಣಿಯಲ್ಲಿ ಒಣಗಿದ ಎಲೆಯ ಹಾಗೆ ಕೂತು. ಅಜ್ಜಿ ಹೋದ ಮೇಲೆ ಹಾಗೆ ಕಥೆ ಹೇಳಿ ಉಣಿಸುವವರು ಅವಳಿಗೆ ಯಾರೂ ಇರಲಿಲ್ಲ. ಈ ಊರಲ್ಲಿ ಸರಸ್ವತಿಬಾಯಿ ಒಬ್ಬರೇ, "ಒಬ್ಬಾಕಿಗೆ ಏನ್ ಕುದಿಸ್ಕೋತಿ, ಬಾ" ಎಂದು ದಿನವೂ ಊಟಕ್ಕೆ ತಾಟು ಹಾಕುತ್ತಿದ್ದರು.

ಅವಳು ಇಳಿದು ಬಂದಾಗ ತೆಂಗಿನಕಾಯಿ ಒಡೆದಾಗಿತ್ತು. ಸರಸ್ವತಿಬಾಯಿಯವರ ಮಗ ಧೀರೇಂದ್ರ, ಕಾರ್ಖಾನೆಯ ಮಾಲೀಕ, ಮೊದಲ ಕಲ್ಲು ತರಲು ಕೈಬೀಸುತ್ತಿದ್ದ.

"ಸರ್, ಇವತ್ತು ಎತ್ತೂದು ಬ್ಯಾಡ್ರಿ. ತಡಿ ತಡ್ಯಂಗಿಲ್ಲ. ಬಿಚ್ಚಿ ದಪ್ಪಂದು ಕೂಡಸ್ಬೇಕು."

"ಹೋದ ವಾರ ನೀನೇ ಕುಣಿಸಿ ತೋರ್ಸಿದ್ದಿ."

"ತಪ್ಪು ನಂದೇ ಅದ್ರಿ."

ಫಿಟ್ಟರ್ ಅಬ್ದುಲ್ ಕರೀಮ್ ನಕ್ಕ. "ಮೇಡಂ, ಕಾಯಿ ಒಡಿಯೂಕಿಂತ ಮೊದ್ಲ ಹೇಳಿದ್ರ ಕಾಯಿನರೆ ಉಳೀತಿತ್ತು."

ಸರಸ್ವತಿಬಾಯಿ ನಗಲಿಲ್ಲ. "ಪೂಜಿ ಆದಮ್ಯಾಲ ಮೊದಲ್ನೇ ಕಲ್ಲು ಎತ್ತೂತನ ಪಾನಾ ಹಚ್ಚಿ ಬೋಲ್ಟು ಬಿಚ್ಚಬಾರದು ಪ್ರಮಿತಾ. ಹಿಂದ ಒಮ್ಮೆ ಹಚ್ಚಿದ್ವಿ. ಅದೇ ವರ್ಷ ನಮ್ಮ ಮನಿಯವ್ರು ಹೋದ್ರು. ಈಗ ಇಂವ ಒಬ್ಬನೇ ಇದ್ದಾನ ನನಗ."

ಧೀರೇಂದ್ರ ಬೀಸುತ್ತಿದ್ದ ಕೈ ಇಳಿಸಿದ. ಪ್ರಮಿತಾಳಿಗೆ ಒಂದು ಗಳಿಗೆ ಸುಮ್ಮನಾಗಿಬಿಡಬೇಕೆನಿಸಿತು. ಸಣ್ಣ ಕಲ್ಲು ಎತ್ತಿಸಿದರೆ ನಡೆದೀತು. ಅದಾದ ಮೇಲೆ ದೊಡ್ಡದನ್ನು ಬೇಡವೆಂದರೆ ಇವರು ಕೇಳುವವರಲ್ಲ. ಕಾಶಪ್ಪ ಆಗಲೇ ತನ್ನ ಜಾಗದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ.

"ಬಾಯಾರ, ಕಲ್ಲು ಕಾಶಪ್ಪನ ಮ್ಯಾಲೆ ಬೀಳ್ತದ್ರಿ. ನಾ ಬಿಚ್ಚತೀನಿ."

ಸರಸ್ವತಿಬಾಯಿ ಯಂತ್ರದ ಹತ್ತಿರ ಬಂದರು. ಸೇವಂತಿಗೆ ಸರವನ್ನು ತಾವೇ ಬಿಚ್ಚಿ, ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದರು.

ಕರೀಮ್ ಪಾನಾ ತಂದು ನೆಲದ ಮೇಲಿಟ್ಟ. "ತಪ್ಪು ತಿಳ್ಕೋಬ್ಯಾಡ್ರಿ ಮೇಡಂ. ಅವರ ಉಪ್ಪು ತಿಂದೀನಿ, ನನ್ನ ಕೈ ಏಳವಲ್ದು."

ಅವಳು ಒಬ್ಬಳೇ ಮೊಣಕಾಲೂರಿದಳು. ಬೋಲ್ಟಿನ ತಲೆಯ ಮೇಲಿನ ಕುಂಕುಮ ಇನ್ನೂ ಹಸಿಯಾಗಿದ್ದು ಬೆರಳಿಗೆ ಹತ್ತಿತು. ಒಳಗಿನಿಂದ ಪೂಜೆಗೆ ಮಾಡಿದ ಸಜ್ಜಕದ ಏಲಕ್ಕಿ ವಾಸನೆ ಬಂತು. ಸರಸ್ವತಿಬಾಯಿಯವರ ದನಿ ಒಬ್ಬೊಬ್ಬರನ್ನೇ ಕರೆಯಿತು: ಧೀರೂ, ಕರೀಮಾ, ಕಾಶಪ್ಪಾ. ಹೆಜ್ಜೆಗಳು ಹಿತ್ತಲ ಕಡೆ ಸರಿದವು. ಆಮೇಲೆ ತಾಟುಗಳ ಸದ್ದು.

ಪ್ರಮಿತಾ ಎರಡೂ ಕೈಯಿಂದ ಪಾನಾ ಜಗ್ಗಿದಳು. ಬೋಲ್ಟು ಕಿರ್ರೆಂದು ಅರ್ಧ ಸುತ್ತು ತಿರುಗಿತು.